ಕಾಗದಕ್ಕೂ ಒಂದು ದಿಕ್ಕಿದೆ: ಹಳೆ ಸಾಮಾನಿನ ಕರಕುಶಲ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನಗೆ 56 ವರ್ಷ. ಕೆಲಸದಿಂದ ಬಿಡುವಾದ ಮೇಲೆ ಹಳೆ ಪೇಪರ್, ರಟ್ಟು, ಡಬ್ಬಿಗಳಿಂದ ಏನಾದರೂ ಮಾಡೋಣ ಅಂತ ಕೂತೆ. ವಿಡಿಯೋ ನೋಡಿ ನ್ಯೂಸ್‌ಪೇಪರ್ ಬುಟ್ಟಿ ಹೆಣೆದೆ, ಒಂದು ಕಡೆಗೆ ವಾಲಿತು. ರಟ್ಟಿನ ಪೆಟ್ಟಿಗೆಗೆ ಬಣ್ಣದ ಕಾಗದ ಅಂಟಿಸಿದೆ, ಗುಳ್ಳೆ ಎದ್ದಿತು, ಮುಚ್ಚಳ ದೋಣಿಯ ಹಾಗೆ ಬಾಗಿತು. ಪೇಪರ್ ಚೂರುಗಳಿಂದ ಮಾಡಿದ ಬಟ್ಟಲಿಗೆ ಬೂಷ್ಟು ಹಿಡಿಯಿತು. ಈ ನಡುವೆ ಮನೆ ತುಂಬ ಬಾಟಲಿ, ಡಬ್ಬಿ, ಹಳೆ ಬಟ್ಟೆ ಸೇರಿಕೊಂಡಿವೆ. ಮನೆಯವರಿಗೆ ಬೇಜಾರು. ನನ್ನ ಕೈಗೆ ಇದು ಒಗ್ಗೋದೇ ಇಲ್ವಾ? ಒಗ್ಗುತ್ತೆ ಅಂದರೆ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ನೀವು ಹೇಳಿದ ಮೂರು ತಪ್ಪುಗಳನ್ನೂ ನಾನು ಮಾಡಿದ್ದೇನೆ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಹೆಚ್ಚಿನವರೂ ಮಾಡಿದ್ದಾರೆ. ಇದರಲ್ಲಿ ಕೈಯ ದೋಷ ತುಂಬ ಕಡಿಮೆ. ವಿಡಿಯೋಗಳಲ್ಲಿ ಏನು ಮಾಡಬೇಕು ಅಂತ ತೋರಿಸುತ್ತಾರೆ. ಕೈಯಲ್ಲಿರುವ ಕಾಗದ ಎಂಥದ್ದು, ಅದು ನೀರು ಕಂಡರೆ ಏನು ಮಾಡುತ್ತದೆ, ಯಾವ ಕಡೆಗೆ ಬಾಗಲು ಒಪ್ಪುತ್ತದೆ ಅನ್ನೋದನ್ನು ಹೇಳುವವರು ಕಡಿಮೆ. ಅದಕ್ಕೇ ಮಾಡಬೇಕಾದ ವಸ್ತುವಿನ ವಿಷಯ ಸ್ವಲ್ಪ ಹೊತ್ತು ಬದಿಗಿಡೋಣ. ಮೊದಲು ಕಾಗದದ ಮಾತು.

ಈಗಲೇ ಒಂದು ಹಳೆ ನ್ಯೂಸ್‌ಪೇಪರ್ ತೆಗೆದುಕೊಳ್ಳಿ. ದೊಡ್ಡ ಹಾಳೆಯ ದಿನಪತ್ರಿಕೆ ಇರಲಿ. ಮೇಲಿನ ಅಂಚಿನಿಂದ ಕೆಳಕ್ಕೆ ಹರಿಯಿರಿ. ಸೀಳು ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ, ಅಂಚು ನಯವಾಗಿರುತ್ತದೆ. ಈಗ ಅದೇ ಹಾಳೆಯನ್ನು ಎಡದಿಂದ ಬಲಕ್ಕೆ ಹರಿಯಿರಿ. ಎಷ್ಟೇ ಹುಷಾರಾಗಿ ಹರಿದರೂ ಸೀಳು ಅಡ್ಡಾದಿಡ್ಡಿ ಓಡುತ್ತದೆ, ಅಂಚು ಹಲ್ಲು ಹಲ್ಲಾಗುತ್ತದೆ. ಎರಡು ಸಲವೂ ಹರಿದಿದ್ದು ಅದೇ ಕೈ. ಹಾಳೆಯೊಳಗಿನ ನಾರುಗಳು ಮಲಗಿರುವ ದಿಕ್ಕೇ ಈ ವ್ಯತ್ಯಾಸಕ್ಕೆ ಕಾರಣ. ಕಾಗದದ ಯಂತ್ರದಲ್ಲಿ ನೀರಿನಂಥ ತಿರುಳು ಓಡುವ ಜರಡಿಯ ಮೇಲೆ ಬೀಳುತ್ತದೆ. ಆಗ ಹೊಳೆಯಲ್ಲಿ ತೇಲುವ ಕಡ್ಡಿಗಳ ಹಾಗೆ ನಾರುಗಳು ಹರಿವಿನ ಕಡೆಗೆ ತಿರುಗಿಕೊಳ್ಳುತ್ತವೆ. ಫ್ರಾನ್ಸಿನ ನಿಕೊಲಾ ಲೂಯಿ ರೋಬೆರ್ 1799ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಒಂದೊಂದೇ ಹಾಳೆಯನ್ನು ಕೈಯಲ್ಲಿ ಎತ್ತುತ್ತಿದ್ದರು. ಕೈಕಾಗದದಲ್ಲಿ ನಾರು ಎಲ್ಲ ಕಡೆಗೂ ಚದುರಿರುವುದರಿಂದ ಈ ದಿಕ್ಕಿನ ತಕರಾರು ಕಡಿಮೆ.

ಮುದ್ರಣದವರು ಇದನ್ನು ಗ್ರೇನ್ ಅನ್ನುತ್ತಾರೆ. ನಾನು ನಾರಿನ ದಿಕ್ಕು ಅಂತಲೇ ಹೇಳುತ್ತೇನೆ. ಮೂರು ವಿಷಯ ನೆನಪಿಟ್ಟುಕೊಂಡರೆ ಸಾಕು. ನಾರಿನ ಉದ್ದಕ್ಕೆ ಮಡಚಿದರೆ ಮಡಿಕೆ ಚೊಕ್ಕಟ, ಅಡ್ಡಕ್ಕೆ ಮಡಚಿದರೆ ಬಿರುಕು. ನಾರಿನ ಉದ್ದಕ್ಕೆ ಸುರುಳಿ ಸುತ್ತೋದು ಸಲೀಸು, ಅಡ್ಡಕ್ಕೆ ಸುತ್ತಿದರೆ ಕಾಗದ ಎದುರು ತಳ್ಳುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಆದರೆ ಎಲ್ಲ ಕಡೆಗೂ ಒಂದೇ ಸಮ ಹಿಗ್ಗುವುದಿಲ್ಲ. ನಾರು ನೀರು ಕುಡಿದು ದಪ್ಪ ಆಗುತ್ತದೆಯೇ ಹೊರತು ಉದ್ದ ಆಗುವುದು ತೀರಾ ಕಡಿಮೆ. ಹಾಗಾಗಿ ಹಾಳೆ ನಾರಿಗೆ ಅಡ್ಡವಾಗಿ ಜಾಸ್ತಿ ಹಿಗ್ಗುತ್ತದೆ. ಒಣಗಿದಾಗ ಅಷ್ಟೇ ಕುಗ್ಗುತ್ತದೆ.

ಹರಿಯಲು ಮನಸ್ಸಾಗದ ಒಳ್ಳೆ ಕಾಗದವಿದ್ದರೆ ಸುಮ್ನೆ ಬಾಗಿಸಿ ನೋಡಿ. ಹಾಳೆಯನ್ನು ಮಡಿಕೆ ಬೀಳದಂತೆ ಅರ್ಧಕ್ಕೆ ಬಗ್ಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಆಮೇಲೆ ತಿರುಗಿಸಿ ಇನ್ನೊಂದು ಕಡೆಯಿಂದ ಹಾಗೇ ಮಾಡಿ. ಯಾವ ಕಡೆ ಮೆತ್ತಗೆ ಬಗ್ಗುತ್ತದೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ರಟ್ಟಿಗೂ ಇದೇ ಪರೀಕ್ಷೆ. ಗೊತ್ತಾದ ಕೂಡಲೇ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಬಾಣ ಹಾಕಿಬಿಡಿ. ನಾನು ಇವತ್ತಿಗೂ ಹಾಕುತ್ತೇನೆ.

ಈಗ ನಿಮ್ಮ ಬಾಗಿದ ಮುಚ್ಚಳಕ್ಕೆ ಬರೋಣ. ನೀವು ಅಂಟು ಹಚ್ಚಿದ ಕೂಡಲೇ ಬಣ್ಣದ ಕಾಗದ ನೀರು ಕುಡಿದು ಹಿಗ್ಗಲು ಶುರು ಮಾಡಿರುತ್ತದೆ. ಅದು ಹಿಗ್ಗಿ ಮುಗಿಯುವ ಮುಂಚೆಯೇ ನೀವು ರಟ್ಟಿಗೆ ಅಂಟಿಸಿದ್ದೀರಿ. ಉಳಿದ ಹಿಗ್ಗು ಎಲ್ಲಿಗೆ ಹೋಗಬೇಕು? ಮೇಲಕ್ಕೆ ಎದ್ದಿತು. ಅದೇ ಗುಳ್ಳೆ. ಆಮೇಲೆ ಒಣಗುವಾಗ ಕಾಗದ ಕುಗ್ಗುತ್ತಾ, ಅಂಟಿಕೊಂಡ ರಟ್ಟನ್ನೂ ತನ್ನ ಕಡೆಗೆ ಎಳೆಯಿತು. ಒಂದೇ ಕಡೆ ಕಾಗದ ಇದ್ದದ್ದರಿಂದ ತಡೆಯುವವರಿಲ್ಲ. ಮುಚ್ಚಳ ದೋಣಿಯಾಯಿತು.

ಇದಕ್ಕೆ ಮದ್ದು ಸುಲಭ. ರಟ್ಟಿನ ನಾರು, ಕಾಗದದ ನಾರು ಎರಡೂ ಒಂದೇ ದಿಕ್ಕಿಗೆ ಇರುವಂತೆ ಕತ್ತರಿಸಿ. ಅಂಟನ್ನು ರಟ್ಟಿಗಲ್ಲ, ಕಾಗದದ ಹಿಂಬದಿಗೆ ಹಚ್ಚಿ. ತೆಳ್ಳಗೆ, ನಡುವಿನಿಂದ ಅಂಚಿನ ಕಡೆಗೆ. ಹಚ್ಚಿದ ಮೇಲೆ ಒಂದೆರಡು ನಿಮಿಷ ಸುಮ್ಮನಿರಿ. ಈ ಕಾಯುವಿಕೆಯನ್ನೇ ಎಲ್ಲರೂ ಬಿಡುವುದು. ಹಾಳೆ ಮೊದಲು ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ, ಆಮೇಲೆ ತಾನಾಗಿಯೇ ಮೆತ್ತಗಾಗಿ ಮಲಗುತ್ತದೆ. ಮಲಗಿತು ಅಂದರೆ ಹಿಗ್ಗುವುದು ಮುಗಿಯಿತು ಅಂತ. ಆಗ ರಟ್ಟಿನ ಮೇಲೆ ಇಟ್ಟು, ಮೇಲೊಂದು ಬಿಳಿ ಹಾಳೆ ಹಾಕಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ತೀಡಿ. ಕೊನೆಗೆ ಮುಚ್ಚಳದ ಒಳಬದಿಗೂ ಅದೇ ದಿಕ್ಕಿನಲ್ಲಿ ಒಂದು ಹಾಳೆ ಅಂಟಿಸಿ. ಹಳೆ ಕ್ಯಾಲೆಂಡರ್ ಹಾಳೆಯಾದರೂ ಸರಿ. ಎರಡು ಕಡೆಯ ಎಳೆತವೂ ಸಮ ಆದಾಗ ರಟ್ಟು ಚಪ್ಪಟೆಯಾಗಿ ನಿಲ್ಲುತ್ತದೆ. ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗೆ ಇಡಿ. ಬೆಳಿಗ್ಗೆ ಮುಟ್ಟಿ ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ ಎಂದರ್ಥ. ಇನ್ನೊಂದು ದಿನ ಇಡಿ.

ಮೂಲೆಗಳ ಬಗ್ಗೆ ಒಂದು ಮಾತು. ಕೈಕೆಲಸ ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ಮೊದಲು ನೋಡುವುದು ಮೂಲೆಯನ್ನೇ. ಕಾಗದದ ಮೂಲೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಗೆ ತಾಗುವಂತೆ ಕತ್ತರಿಸಬೇಡಿ. ರಟ್ಟಿನ ದಪ್ಪದ ಒಂದೂವರೆ ಪಟ್ಟು ಜಾಗ ಬಿಟ್ಟು ಕತ್ತರಿಸಿ. ರಟ್ಟು 2 ಮಿಲಿಮೀಟರ್ ದಪ್ಪ ಇದ್ದರೆ 3 ಮಿಲಿಮೀಟರ್ ಬಿಡಿ. ಮೊದಲು ಒಂದು ಅಂಚು ಮಡಚಿ. ಮೂಲೆಯಲ್ಲಿ ಉಳಿದ ಆ ಚಿಕ್ಕ ಕಿವಿಯನ್ನು ಉಗುರಿನಿಂದ ಒಳಕ್ಕೆ ಒತ್ತಿ. ಆಮೇಲೆ ಪಕ್ಕದ ಅಂಚು ಮಡಚಿ. ರಟ್ಟು ಎಲ್ಲೂ ಇಣುಕುವುದಿಲ್ಲ, ಮೂಲೆ ದಪ್ಪವೂ ಆಗುವುದಿಲ್ಲ. ಮೊದಲ ಸಲ ಅದು ಸರಿಯಾಗಿ ಕೂತಾಗ ಆಗುವ ಸಂತೋಷವನ್ನು ನೀವೇ ನೋಡಬೇಕು.

ಇನ್ನು ಬೂಷ್ಟು ಹಿಡಿದ ಬಟ್ಟಲು. ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ಕೆಲಸ. ನನ್ನ ಮೊದಲ ಬಟ್ಟಲು ಸ್ಟೀಲ್ ಪಾತ್ರೆಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ ಒಡೆದೇ ತೆಗೆಯಬೇಕಾಯಿತು. ಎರಡನೆಯದು ಹೊರಗೆ ಒಣಗಿದಂತೆ ಕಂಡಿತು. ಬಣ್ಣ ಹಚ್ಚಿಬಿಟ್ಟೆ. ಎರಡು ವಾರದಲ್ಲಿ ಬಣ್ಣದ ಅಡಿಯಿಂದ ಕಪ್ಪು ಚುಕ್ಕೆಗಳು ಎದ್ದವು. ಒಳಗೆ ಸಿಕ್ಕಿಹಾಕಿಕೊಂಡ ತೇವಕ್ಕೆ ಹೋಗಲು ದಾರಿ ಇರಲಿಲ್ಲ. ಹಿಟ್ಟಿನ ಅಂಟು ಬೇರೆ ಇತ್ತು. ಬೂಷ್ಟಿಗೆ ಇನ್ನೇನು ಬೇಕು?

ಸರಿಯಾದ ದಾರಿ ಹೀಗಿದೆ. ಮೊದಲು ಅಂಟು ಬೇಯಿಸಿಕೊಳ್ಳಿ. ಒಂದು ಕಪ್ ಮೈದಾಗೆ ಸುಮಾರು ಐದು ಕಪ್ ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಕುದಿಯುವಾಗ ಅದನ್ನು ಹಾಕಿ ತಿರುವುತ್ತಾ ಬೇಯಿಸಿ. ಬಿಳಿ ಇದ್ದದ್ದು ಸ್ವಲ್ಪ ಪಾರದರ್ಶಕವಾಗಿ, ಚಮಚಕ್ಕೆ ಅಂಟಿಕೊಂಡರೆ ಆಯಿತು. ಬೆಂದ ಹಿಟ್ಟಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಹಿಡಿತ ಬರುವುದು ಅದರಿಂದಲೇ. ಹಸಿ ಹಿಟ್ಟು ಕಲಸಿದ ನೀರಿಗೆ ಆ ಶಕ್ತಿ ಇಲ್ಲ. ಒಂದೆರಡು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ.

ಅಚ್ಚಿಗೆ ಇಟ್ಟುಕೊಂಡ ಪಾತ್ರೆಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಲ್ಲವೇ ಎಣ್ಣೆಯಂಥ ಜಿಡ್ಡು ಸವರಿ. ಪೇಪರನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಕತ್ತರಿಸಿದ ಅಂಚು ಮೆಟ್ಟಿಲಿನ ಹಾಗೆ ನಿಲ್ಲುತ್ತದೆ. ಹರಿದ ಅಂಚು ತೆಳ್ಳಗಾಗಿ ಪಕ್ಕದ ಚೂರಿನೊಳಗೆ ಕರಗಿಹೋಗುತ್ತದೆ. ಒಂದು ಪದರ ಅಚ್ಚಾದ ಪೇಪರ್, ಮುಂದಿನ ಪದರ ಬಿಳಿ ಅಥವಾ ಬೇರೆ ಬಣ್ಣದ ಪೇಪರ್, ಹೀಗೆ ಬದಲಿಸಿ. ಎಲ್ಲಿ ಬಿಟ್ಟುಹೋಗಿದೆ ಅನ್ನೋದು ಆಗ ಕಣ್ಣಿಗೇ ಕಾಣುತ್ತದೆ. ಎರಡು ಪದರ ಆದ ಮೇಲೆ ನಿಲ್ಲಿಸಿ. ಪೂರ್ತಿ ಒಣಗಲಿ. ಆಮೇಲೆ ಮತ್ತೆರಡು. ಆರು ಪದರ ಆದರೆ ಚಿಕ್ಕ ಬಟ್ಟಲಿಗೆ ಸಾಕು. ಅಚ್ಚಿನಿಂದ ಬಿಡಿಸಿದ ಮೇಲೆ ಒಳಭಾಗವನ್ನೂ ಗಾಳಿಗೆ ಇಡಿ. ಬೆರಳಿನಿಂದ ತಟ್ಟಿದರೆ ಮರ ತಟ್ಟಿದ ಹಾಗೆ ಟಕ್ ಟಕ್ ಅನ್ನಬೇಕು. ಮಂದ ಸದ್ದು ಬಂದರೆ ಒಣಗಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳಲ್ಲಿ ಫ್ಯಾನ್ ಕೆಳಗಿಡಿ, ಇಲ್ಲವೇ ಆ ದಿನಗಳಲ್ಲಿ ಒಣ ಕೆಲಸಗಳನ್ನೇ ಮಾಡಿ. ಈ ಬಟ್ಟಲು ಬೀಗದ ಕೈ, ಗುಂಡಿ, ದಾರ ಇಡಲಿಕ್ಕೆ. ತಿನ್ನುವ ಪದಾರ್ಥ ಇಡಬೇಡಿ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಸೆಲ್ಲೋಟೇಪ್ ಬೇಡವೇ ಬೇಡ. ವರ್ಷ ಕಳೆದಂತೆ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪ್ ಉದುರಿ ಕಲೆ ಮಾತ್ರ ಉಳಿಯುತ್ತದೆ. ಬಿಳಿ ಬಣ್ಣದ ಪಿವಿಎ ಅಂಟು, ಅಂದರೆ ಮರಗೆಲಸದವರು ಬಳಸುವ ಬಿಳಿ ಅಂಟಿನ ಜಾತಿಯದು, ಮುಕ್ಕಾಲು ಪಾಲು ಕೆಲಸಕ್ಕೆ ಸಾಕು. ಒಣಗಿದಾಗ ಬಣ್ಣವಿಲ್ಲದಂತಾಗುತ್ತದೆ, ಮಡಚಿದರೆ ಬಿರಿಯುವುದಿಲ್ಲ. ತೆಳು ಕಾಗದಕ್ಕೆ ಗ್ಲೂ ಸ್ಟಿಕ್ ಒಳ್ಳೆಯದು, ಅದರಲ್ಲಿ ನೀರು ಕಡಿಮೆ. ಬಿಸಿ ಅಂಟಿನ ಗನ್ ಬೇಗ ಹಿಡಿಯುತ್ತದೆ ಅಂತ ಎಲ್ಲರಿಗೂ ಇಷ್ಟ. ಆದರೆ ನುಣುಪಾದ ಗಾಜಿನ ಮೇಲೆ ಅದು ಒಂದು ದಿನ ಸಿಪ್ಪೆಯ ಹಾಗೆ ಎದ್ದುಬರುತ್ತದೆ, ಬಿಸಿಲಿನ ಕಿಟಕಿಯಲ್ಲಿ ಮೆತ್ತಗಾಗುತ್ತದೆ. ಅದರ ತುದಿ ಚರ್ಮಕ್ಕೆ ತಾಗಿದರೆ ಸುಟ್ಟ ಗಾಯ ಗ್ಯಾರಂಟಿ. ಮಕ್ಕಳು ಜೊತೆಗಿದ್ದರೆ ಅದನ್ನು ಹೊರಗೆ ತೆಗೆಯಲೇಬೇಡಿ.

ಕಟ್ಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಮೊಂಡಾದ ಬ್ಲೇಡೇ ಅಪಾಯ. ಮೊಂಡಾದರೆ ನಾವು ಬಲ ಹಾಕುತ್ತೇವೆ, ಬಲ ಹಾಕಿದರೆ ಜಾರುತ್ತದೆ. ತುದಿ ಮುರಿದು ಹೊಸ ಅಂಚು ತೆಗೆಯುವ ಕಟ್ಟರ್ ಇದೆಯಲ್ಲ, ಅದನ್ನು 1956ರಲ್ಲಿ ಜಪಾನಿನ ಯೋಶಿಯೊ ಒಕಾಡ ಕಂಡುಹಿಡಿದರು. ತುಂಡು ತುಂಡಾಗಿ ಮುರಿಯುವ ಚಾಕೊಲೇಟ್ ಬಾರ್, ಒಡೆದ ಗಾಜಿನ ಹರಿತವಾದ ಅಂಚು, ಇವೆರಡರಿಂದ ಅವರಿಗೆ ಈ ಯೋಚನೆ ಹೊಳೆಯಿತಂತೆ. ಆ ಗೆರೆಗಳಿರುವುದು ಮುರಿಯಲಿಕ್ಕೆ. ಉಳಿಸಲು ಹೋಗಬೇಡಿ, ಆಗಾಗ ಮುರಿಯಿರಿ. ಮುರಿದ ತುಂಡುಗಳನ್ನು ಮುಚ್ಚಳವಿರುವ ಹಳೆ ತಗಡಿನ ಡಬ್ಬಿಯಲ್ಲಿ ಹಾಕಿಡಿ. ರಟ್ಟು ಕತ್ತರಿಸುವಾಗ ಸ್ಟೀಲ್ ಸ್ಕೇಲ್ ಇಟ್ಟು, ಒಂದೇ ಏಟಿಗೆ ಕತ್ತರಿಸುವ ಬದಲು ಅದೇ ಗೆರೆಯ ಮೇಲೆ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ.

ಸುಕ್ಕು ಪದರದ ರಟ್ಟು, ಅಂದರೆ ಪಾರ್ಸೆಲ್ ಪೆಟ್ಟಿಗೆಯ ರಟ್ಟು, ನಿಮ್ಮ ಮನೆಯಲ್ಲಿ ರಾಶಿ ಬಿದ್ದಿರಬೇಕು. ನನಗೆ ಅದರ ಮೇಲೆ ತುಂಬ ಗೌರವ. 1856ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು ಗಂಡಸರ ಎತ್ತರದ ಹ್ಯಾಟಿನ ಒಳಪಟ್ಟಿಗೆ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಬಾಟಲಿ ಸುತ್ತಲು ಅದನ್ನು ಬಳಸಿದ. 1874ರಲ್ಲಿ ಆಲಿವರ್ ಲಾಂಗ್ ಸುಕ್ಕು ಕಾಗದಕ್ಕೆ ಚಪ್ಪಟೆ ಹಾಳೆ ಸೇರಿಸಿದ ಮೇಲೆ ಅದಕ್ಕೆ ಇವತ್ತಿನ ಗಟ್ಟಿತನ ಬಂತು. ಹ್ಯಾಟಿನೊಳಗೆ ಹುಟ್ಟಿದ ವಸ್ತು ಲೋಕದ ಸಾಮಾನೆಲ್ಲ ಹೊರುವಂತಾಯಿತು. ನಾವು ಮಾಡುವ ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಅದರ ಒಳಗಿನ ಸುಕ್ಕುಗಳು ಸಾಲಾಗಿ ನಿಲ್ಲಿಸಿದ ಸಣ್ಣ ಕಂಬಗಳ ಹಾಗೆ. ಕಂಬ ನಿಂತಿದ್ದರೆ ಭಾರ ಹೊರುತ್ತದೆ. ಮಲಗಿಸಿ ಮೇಲೆ ಒತ್ತಿದರೆ ಚಪ್ಪಟೆ. ಪುಸ್ತಕ ನಿಲ್ಲಿಸುವ ಪೆಟ್ಟಿಗೆ ಮಾಡುವಾಗ ಪಕ್ಕದ ಗೋಡೆಗಳಲ್ಲಿ ಸುಕ್ಕು ಮೇಲಿಂದ ಕೆಳಕ್ಕೆ ಇರಲಿ. ಅಡ್ಡ ಹಲಗೆಯಾದರೆ ಸುಕ್ಕು ಹಲಗೆಯ ಉದ್ದಕ್ಕೆ ಓಡಲಿ. ಎರಡು ರಟ್ಟನ್ನು ಒಂದರ ಸುಕ್ಕಿಗೆ ಇನ್ನೊಂದರ ಸುಕ್ಕು ಅಡ್ಡ ಬರುವಂತೆ ಅಂಟಿಸಿದರೆ ಪ್ಲೈವುಡ್‌ನ ಹಾಗೆ ಎರಡು ಕಡೆಗೂ ಗಟ್ಟಿ. ಮಡಚುವ ಜಾಗದಲ್ಲಿ ಬ್ಲೇಡ್ ಆಡಿಸಬೇಡಿ. ಖಾಲಿಯಾದ ಬಾಲ್‌ಪೆನ್ ತುದಿಯಿಂದ ಸ್ಕೇಲ್ ಹಿಡಿದು ಒತ್ತಿ ಗೆರೆ ಎಳೆಯಿರಿ, ಆಮೇಲೆ ಮಡಚಿ. ಕಾಗದ ಹರಿಯದೆ ಮಡಿಕೆ ನೇರವಾಗಿ ಬರುತ್ತದೆ.

ನಿಮ್ಮ ಹತ್ತಿರ ಗುರುತು ಸಿಗದ ಎ4 ಹಾಳೆಗಳ ಕಟ್ಟು ಇದ್ದರೆ ಹತ್ತು ಹಾಳೆ ತೂಗಿ ನೋಡಿ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. 80 ಜಿಎಸ್‌ಎಂ ಅಂದರೆ ಚದರ ಮೀಟರಿಗೆ 80 ಗ್ರಾಂ, ಹಾಗಾಗಿ ಒಂದು ಹಾಳೆ 5 ಗ್ರಾಂ, ಹತ್ತು ಹಾಳೆ 50 ಗ್ರಾಂ. 60 ಗ್ರಾಂ ಬಂದರೆ ಅದು ಸ್ವಲ್ಪ ದಪ್ಪ ಕಾಗದ, ಹೆಚ್ಚುಕಡಿಮೆ 96 ಜಿಎಸ್‌ಎಂ. ಮಡಚುವ ಆಟಿಕೆಗಳಿಗೆ ತೆಳು ಹಾಳೆ, ಪೆಟ್ಟಿಗೆಗೆ ದಪ್ಪ ಹಾಳೆ. ಇಷ್ಟು ಸಾಕು.

ಈಗ ಮನೆ ತುಂಬಿದ ಸಾಮಾನು. ಇಲ್ಲಿ ನಿಮ್ಮ ಮನೆಯವರ ಮಾತಿನಲ್ಲೂ ನ್ಯಾಯ ಇದೆ ಅಂತ ನನಗೆ ಅನ್ನಿಸುತ್ತದೆ. ಕೂಡಿಡೋದು ಒಂದು ಕೆಲಸ, ಮಾಡೋದು ಇನ್ನೊಂದು. ನಾನು ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಅದು ತುಂಬಿದರೆ ಹೊಸದೊಂದು ಒಳಗೆ ಬರುವ ಮುಂಚೆ ಹಳೆಯದೊಂದು ಹೊರಗೆ ಹೋಗಬೇಕು. ಯಾವುದನ್ನು ಉಳಿಸಬೇಕು ಅಂತ ತೀರ್ಮಾನಿಸಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ವಸ್ತು ಯಾವುದರಲ್ಲಿ ಒಳ್ಳೆಯದು? ಹೊಸ ಕೆಲಸದಲ್ಲೂ ಆ ಗುಣವೇ ಬಳಕೆಗೆ ಬರುವುದಾದರೆ ಇಟ್ಟುಕೊಳ್ಳಿ.

ಗಾಜಿನ ಬಾಟಲಿಯ ಗುಣ ಏನು? ಒಳಗಿರೋದು ಕಾಣುತ್ತದೆ, ಮುಚ್ಚಳ ಬಿಗಿ. ಹಾಗಿದ್ದ ಮೇಲೆ ಅದಕ್ಕೆ ಬಣ್ಣ ಬಳಿದು ಆ ಗುಣವನ್ನೇ ಮುಚ್ಚುವುದೇಕೆ? ಗುಂಡಿ, ಮಣಿ, ಮೊಳೆ, ಬೀಜ ಹಾಕಿ ಸಾಲಾಗಿ ಇಟ್ಟರೆ ಅದೇ ಚೆಂದ. ಲೇಬಲ್ ತೆಗೆಯಲು ಬಿಸಿ ನೀರಿನಲ್ಲಿ ಸ್ವಲ್ಪ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಉಳಿದ ಅಂಟಿಗೆ ಅಡುಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಸೋಪಿನಿಂದ ತೊಳೆಯಿರಿ.

ತಗಡಿನ ಡಬ್ಬಿಗೆ ತೂತು ಹೊಡೆಯುವುದು ಕಷ್ಟ, ಮೊಳೆ ಹೊಡೆದ ಕಡೆ ನೆಗ್ಗಿಹೋಗುತ್ತದೆ. ಡಬ್ಬಿಗೆ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ. ಮಂಜುಗಡ್ಡೆ ಒಳಗಿನಿಂದ ಆಸರೆ ಕೊಡುತ್ತದೆ. ಡಬ್ಬಿಯನ್ನು ಮಡಚಿದ ಟವೆಲ್ ಮೇಲೆ ಮಲಗಿಸಿ ಮೊಳೆ, ಸುತ್ತಿಗೆಯಿಂದ ಚುಕ್ಕಿ ಚುಕ್ಕಿಯಾಗಿ ವಿನ್ಯಾಸ ಹೊಡೆಯಿರಿ. ಮಂಜು ಕರಗಿದ ಮೇಲೆ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ತುಕ್ಕು. ಒಳಗೆ ಒಂದು ಚಿಕ್ಕ ಎಲ್‌ಇಡಿ ದೀಪ ಇಟ್ಟರೆ ಗೋಡೆಯ ತುಂಬ ಚುಕ್ಕೆಗಳು. ಕಾಗದದ ದೀಪದೊಳಗೂ ಎಲ್‌ಇಡಿ ಮಾತ್ರ. ಕಾಗದದೊಳಗೆ ಮೇಣದಬತ್ತಿ ಇಡುವವರನ್ನು ಕಂಡರೆ ನನಗೆ ನಿಜವಾಗಿ ಭಯ.

ಬಟ್ಟೆಗೂ ಕಾಗದದ ಹಾಗೆ ದಿಕ್ಕಿದೆ. ಹಳೆ ಹತ್ತಿಯ ಬೆಡ್‌ಶೀಟ್ ಅಂಚಿಗೆ ಸಣ್ಣ ಕತ್ತರಿ ಹಾಕಿ ಎಳೆದರೆ ಸರ್ರನೆ ನೇರವಾಗಿ ಸೀಳುತ್ತದೆ. ಆ ಪಟ್ಟಿಗಳನ್ನು ಜಡೆ ಹೆಣೆದು, ಸುತ್ತಿ ಹೊಲಿದರೆ ಒಳ್ಳೆ ಕಾಲೊರಸು. ಟಿ ಶರ್ಟ್ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಅದನ್ನು ಎರಡು ಮೂರು ಸೆಂಟಿಮೀಟರ್ ಅಗಲದ ಪಟ್ಟಿಯಾಗಿ ಅಡ್ಡಕ್ಕೆ ಕತ್ತರಿಸಿ ಎಳೆಯಿರಿ. ಅಂಚುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ದಪ್ಪ ದಾರ ಆಗುತ್ತದೆ. ಹಳೆ ಶರ್ಟಿನ ಮುಂಭಾಗವನ್ನು ಗುಂಡಿಪಟ್ಟಿ ಸಮೇತ ಕತ್ತರಿಸಿದರೆ ದಿಂಬಿನ ಕವರ್ ಅರ್ಧ ಸಿದ್ಧ. ಗುಂಡಿ, ಕಾಜಾ ಎರಡೂ ಆಗಲೇ ಇವೆ.

ಕೆಲವನ್ನು ಮಾತ್ರ ಮುಟ್ಟಬೇಡಿ. ಅಂಗಡಿಯ ರಸೀದಿಯ ನುಣುಪು ಕಾಗದ ಬಹಳಷ್ಟು ಸಲ ಶಾಖಕ್ಕೆ ಕಪ್ಪಾಗುವ ಜಾತಿಯದು. ಅದರ ಲೇಪದಲ್ಲಿ ಬಿಪಿಎ ಅಥವಾ ಅದರಂಥ ರಾಸಾಯನಿಕ ಇರಬಹುದು. ಮಕ್ಕಳ ಕೈಗೆ ಬೇಡ. ಹಳೆ ಸಿಎಫ್ಎಲ್ ಬಲ್ಬು, ಟ್ಯೂಬ್‌ಲೈಟಿನಲ್ಲಿ ಪಾದರಸ ಇದೆ, ಅಲಂಕಾರಕ್ಕೆಂದು ಒಡೆಯಬೇಡಿ. ಸ್ಪ್ರೇ ಡಬ್ಬಿ ಖಾಲಿ ಅನ್ನಿಸಿದರೂ ಕತ್ತರಿಸಬೇಡಿ. ತುಂಬ ಹಳೆಯ ಬಣ್ಣ ಬಳಿದ ಮರವನ್ನು ಉಜ್ಜಿದರೆ ಸೀಸದ ದೂಳು ಏಳಬಹುದು. ಕೀಟನಾಶಕ ಇದ್ದ ಡಬ್ಬಿ ಎಷ್ಟು ಚೆಂದ ಇದ್ದರೂ ಹೊರಗೆ.

ಮಿನುಗು ಪುಡಿಯ ಬಗ್ಗೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ಅದು ಹೆಚ್ಚಾಗಿ ಪ್ಲಾಸ್ಟಿಕ್ ಚೂರು. ಚೊಕ್ಕಟವಾದ ಕಾಗದವನ್ನು ಮತ್ತೆ ತಿರುಳು ಮಾಡಿ ಹೊಸ ಕಾಗದ ಮಾಡಬಹುದು. ಅದೇ ಕಾಗದಕ್ಕೆ ಮಿನುಗು, ಪ್ಲಾಸ್ಟಿಕ್ ಲ್ಯಾಮಿನೇಷನ್, ಬಿಸಿ ಅಂಟು ಎಲ್ಲ ಸೇರಿಸಿದರೆ ಅದಕ್ಕೆ ಆ ದಾರಿ ಮುಚ್ಚಿಹೋಗುತ್ತದೆ. ಹಳೆಯದನ್ನು ಉಳಿಸಲು ಹೊರಟವರು ನಾವು. ಎರಡು ವಾರ ಮೇಜಿನ ಮೇಲಿದ್ದು ಆಮೇಲೆ ಕಸಕ್ಕೆ ಹೋಗುವ ವಸ್ತುವಿಗೆ ಇಷ್ಟೆಲ್ಲ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಯೇ ಹಳೆ ಪತ್ರ, ಫೋಟೋ, ಕೈಬರಹದ ಹಾಳೆಗಳನ್ನು ಕತ್ತರಿಸಬೇಡಿ. ಬೇಕಾದರೆ ನಕಲು ತೆಗೆದು ಅದನ್ನು ಬಳಸಿ. ಅವುಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಡುವುದೂ ಬೇಡ. ನ್ಯೂಸ್‌ಪೇಪರಿನಲ್ಲಿ ಮರದ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಹಿಡಿದಿಡುವ ಪದಾರ್ಥ, ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ಹಳದಿಯಾಗುತ್ತದೆ, ಜೊತೆಗಿದ್ದ ಕಾಗದವನ್ನೂ ಹಾಳು ಮಾಡುತ್ತದೆ.

ವಯಸ್ಸಿನ ಪ್ರಶ್ನೆ ನೀವು ನೇರವಾಗಿ ಕೇಳಿಲ್ಲ. ಆದರೆ 56 ಅಂತ ಬರೆದದ್ದರಲ್ಲಿ ಅದು ಇದೆ ಅಲ್ವಾ? ಮೇರಿ ಡಿಲೇನಿ ಎಂಬ ಇಂಗ್ಲಿಷ್ ಮಹಿಳೆ 1700ರಲ್ಲಿ ಹುಟ್ಟಿದವರು. ಎರಡು ಸಲ ವಿಧವೆಯಾದವರು. ಸುಮಾರು 72ನೇ ವಯಸ್ಸಿನಲ್ಲಿ ಒಂದು ಜೆರೇನಿಯಂ ಹೂವಿನ ಎಸಳಿನ ಬಣ್ಣವೂ ಪಕ್ಕದಲ್ಲಿ ಬಿದ್ದಿದ್ದ ಕೆಂಪು ಕಾಗದದ ಬಣ್ಣವೂ ಒಂದೇ ಅಂತ ಅವರಿಗೆ ಕಂಡಿತು. ಕತ್ತರಿ ಎತ್ತಿಕೊಂಡು ಎಸಳು ಕತ್ತರಿಸಿದರು. ಕೋಣೆಗೆ ಬಂದ ಗೆಳತಿ ಅದನ್ನು ನಿಜವಾದ ಹೂ ಅಂದುಕೊಂಡರಂತೆ. ಅಲ್ಲಿಂದ ಸುಮಾರು ಹತ್ತು ವರ್ಷ, ಕಣ್ಣು ಮಂಜಾಗುವವರೆಗೆ, ಕಪ್ಪು ಹಾಳೆಯ ಮೇಲೆ ಸಣ್ಣ ಸಣ್ಣ ಕಾಗದದ ಚೂರು ಅಂಟಿಸಿ ಹೂಗಿಡಗಳನ್ನು ಮಾಡಿದರು. ಒಂದೊಂದು ಹೂವಿಗೆ ನೂರಾರು ಚೂರು. ಬಣ್ಣ ಹರಡಿ ಕೆಟ್ಟುಹೋದ ಕಾಗದವನ್ನು ಬಣ್ಣ ಹಾಕುವವರಿಂದ ಹುಡುಕಿ ತರುತ್ತಿದ್ದರು, ಏಕೆಂದರೆ ಎಲೆಯ ನೆರಳಿನ ಬಣ್ಣ ಅವರಿಗೆ ಸಿಗುತ್ತಿದ್ದದ್ದು ಅಂಥ ಹಾಳೆಯಲ್ಲೇ. ಅವರ ಸಾವಿರದ ಹತ್ತಿರ ಹತ್ತಿರದ ಕೃತಿಗಳು ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೆಟ್ಟ ಹಾಳೆ ಕೈಗೆ ಬಂದಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಶುರು ಎಲ್ಲಿಂದ ಅಂತ ಕೇಳಿದ್ದೀರಿ. ಒಂದು ವಾರ ಏನನ್ನೂ ಮಾಡದೆ ಬರೀ ಪರೀಕ್ಷೆ ಮಾಡಿ. ಮನೆಯಲ್ಲಿರುವ ಐದಾರು ಬಗೆಯ ಕಾಗದ ಹರಿದು, ಮಡಚಿ, ಒದ್ದೆ ಮಾಡಿ ನೋಡಿ. ಒಂದು ನೋಟ್‌ಬುಕ್‌ನಲ್ಲಿ ಚೂರು ಅಂಟಿಸಿ ಪಕ್ಕದಲ್ಲಿ ಬರೆದಿಡಿ. ಎರಡನೇ ವಾರ ಒಂದು ಚಿಕ್ಕ ಮುಚ್ಚಳದ ಪೆಟ್ಟಿಗೆ, ಅಂಗೈ ಅಗಲದ್ದು. ಅದನ್ನೇ ಮೂರು ಸಲ ಮಾಡಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ನೋಡಿದರೆ ಕೈ ಒಗ್ಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ಉತ್ತರ ನಿಮಗೇ ಸಿಗುತ್ತದೆ. ಮನೆಯವರಿಗೆ ಏನು ಬೇಕು ಅಂತ ಕೇಳಿ ನಾಲ್ಕನೆಯದನ್ನು ಮಾಡಿ. ಕನ್ನಡಕ ಇಡಲು, ಚಾರ್ಜರ್ ಇಡಲು, ಏನೋ ಒಂದು. ಅವರ ಕೈ ದಿನಾ ಅದರ ಮೇಲೆ ಬಿದ್ದರೆ ಬೇಜಾರು ತಾನಾಗಿ ಕಡಿಮೆಯಾಗುತ್ತದೆ.

ಆಮೇಲೆ ಬುಟ್ಟಿಗೆ ಮರಳಿ ಬನ್ನಿ. ಹಾಳೆಯನ್ನು ಹತ್ತು ಹನ್ನೆರಡು ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಉದ್ದಕ್ಕೆ ಕತ್ತರಿಸಿ. ಸಪೂರ ಕಡ್ಡಿಯನ್ನು ಒಂದು ಮೂಲೆಯಲ್ಲಿ ಓರೆಯಾಗಿ ಇಟ್ಟು ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ಮಾತ್ರ ಅಂಟು. ಕೊಳವೆಯ ಒಂದು ತುದಿ ಸ್ವಲ್ಪ ಸಪೂರ ಬರುತ್ತದೆ. ಅದನ್ನು ಇನ್ನೊಂದರ ಅಗಲ ತುದಿಯೊಳಗೆ ತೂರಿಸಿ ಉದ್ದ ಮಾಡಿಕೊಳ್ಳಿ. ಒಂದೇ ಎಳೆಯಲ್ಲಿ ಹೆಣೆಯುವುದಾದರೆ ನಿಂತ ಕಡ್ಡಿಗಳ ಸಂಖ್ಯೆ ಬೆಸ ಇರಬೇಕು, 15 ಅಥವಾ 17. ಆಗ ಒಂದು ಸುತ್ತಿನಲ್ಲಿ ಮುಂದೆ ಬಂದದ್ದು ಮುಂದಿನ ಸುತ್ತಿನಲ್ಲಿ ಹಿಂದೆ ಹೋಗುತ್ತದೆ. ಸಮ ಸಂಖ್ಯೆ ಇದ್ದರೆ ಎರಡು ಎಳೆ ಹಿಡಿದು ಹೆಣೆಯಿರಿ. ಹೆಣೆಯುವಾಗ ನಾವು ಬಲಗೈ ಕಡೆಗೆ ಗೊತ್ತಿಲ್ಲದೆ ಜಾಸ್ತಿ ಎಳೆಯುತ್ತೇವೆ, ಬುಟ್ಟಿ ವಾಲುವುದು ಅದಕ್ಕೇ. ಒಳಗೆ ಒಂದು ಡಬ್ಬಿ ನಿಲ್ಲಿಸಿಕೊಂಡು ಅದರ ಸುತ್ತ ಹೆಣೆದರೆ ಈ ತೊಂದರೆ ಇಲ್ಲ.

ವಾಲಿದ ಬುಟ್ಟಿ ಇನ್ನೂ ಇದೆ ತಾನೇ? ಎಸೆಯಬೇಡಿ. ಅದಕ್ಕೆ ಹೊರಗಿನಿಂದ ನೀರು ಸ್ಪ್ರೇ ಮಾಡಿ. ಹನಿ ಇಳಿಯುವಷ್ಟು ಬೇಡ, ಮುಟ್ಟಿದರೆ ತಂಪು ಅನ್ನುವಷ್ಟು ಸಾಕು. ಹತ್ತು ನಿಮಿಷ ಬಿಡಿ. ಒಳಗೆ ಸರಿಯಾಗಿ ಕೂರುವ ಒಂದು ಭಾರದ ಡಬ್ಬಿ ಇಳಿಸಿ, ವಾಲಿದ ಕಡೆಯನ್ನು ಅಂಗೈಯಿಂದ ಮೆಲ್ಲಗೆ ಎತ್ತಿ ನೇರ ಮಾಡಿ. ಹೊರಗಿನಿಂದ ಒಂದು ಬಟ್ಟೆಯ ಪಟ್ಟಿ ಸುತ್ತಿ ಕಟ್ಟಿ. ಎರಡು ದಿನ ಹಾಗೇ ಇರಲಿ. ಒಣಗಿದ ಮೇಲೆ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಒಳಗೂ ಹೊರಗೂ ಒಂದು ಕೈ ಬಳಿಯಿರಿ. ಪೂರ್ತಿ ನೇರ ಆಗದಿದ್ದರೂ ಮುಕ್ಕಾಲು ಪಾಲು ಸರಿಹೋಗುತ್ತದೆ. ಹೇಗೆ ಬಂತು ಅಂತ ನನಗೆ ಬರೆದು ತಿಳಿಸಿ.